ಕರ್ನಾಟಕದ ಸಂಗೀತಗಾರರು ನುಡಿಸಿರುವ ಜಾಝ್ ಆಲ್ಬಂಗಳಲ್ಲಿ ಮೊದಲು ಯಾವುದನ್ನು ಕೇಳಲಿ?

‘ಜ್ಯೋತಿ’ಯಿಂದ ಶುರು ಮಾಡಿ. 1983ರಲ್ಲಿ ಜರ್ಮನಿಯಲ್ಲಿ ರೆಕಾರ್ಡ್ ಆದ ಆಲ್ಬಂ ಇದು, ಹೊರತಂದದ್ದು ಇಸಿಎಂ ಕಂಪನಿ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಇದೆ. ಆರ್.ಎ. ರಮಾಮಣಿ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಟಿ.ಎನ್. ಶಶಿಕುಮಾರ್ ಖಂಜಿರ.

ಇದರಲ್ಲಿ ಪಿಯಾನೋ, ಬಾಸ್, ಡ್ರಮ್ ಸೆಟ್ ಯಾವುದೂ ಇಲ್ಲ. ಹಾಗಾಗಿ ಜಾಝ್‌ನವರು ಸಾಮಾನ್ಯವಾಗಿ ಆತುಕೊಳ್ಳುವ ಕಾರ್ಡ್‌ಗಳ (ಒಟ್ಟಿಗೇ ನುಡಿಸುವ ಸ್ವರಗುಚ್ಛಗಳ) ಆಸರೆ ಮರಿಯಾನೋಗೆ ಸಿಗುವುದಿಲ್ಲ. ತಂಬೂರಿಯ ಶ್ರುತಿ ಹಿಡಿದು, ರಾಗದ ಒಳಗೇ ದಾರಿ ಹುಡುಕಬೇಕು. ಅವರು ಭಾರತಕ್ಕೆ ಬಂದು ನಾಗಸ್ವರ ಕಲಿತಿದ್ದವರು. ಸ್ವರವನ್ನು ಜಾರಿಸಿ ಎಳೆಯುವ ರೀತಿಯಲ್ಲೇ ಅದು ಗೊತ್ತಾಗುತ್ತದೆ. ರಮಾಮಣಿಯವರ ದನಿಯಂತೂ ಸ್ಯಾಕ್ಸೋಫೋನ್‌ಗೆ ಸರಿಸಮನಾಗಿ ನಿಲ್ಲುತ್ತದೆ, ಹಿನ್ನೆಲೆಗೆ ಸರಿಯುವುದೇ ಇಲ್ಲ. ಆಲ್ಬಂ ಆರಂಭವಾಗುವುದೂ ಅವರ ದನಿಯಿಂದಲೇ. ನನಗೆ ಇದು ಬಹಳ ಇಷ್ಟ. ಎಷ್ಟೋ ಫ್ಯೂಷನ್‌ನಲ್ಲಿ ನಮ್ಮವರನ್ನು ಸುಮ್ನೆ ಅಲಂಕಾರಕ್ಕೆ ಕೂರಿಸಿರುತ್ತಾರೆ, ಅಲ್ವಾ? ಇಲ್ಲಿ ಹಾಗಿಲ್ಲ.

ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ಬಂದಾಗ ಕೈಯಲ್ಲಿ ತಾಳ ಹಾಕುತ್ತಾ ಕೇಳಿ. ‘ತಕಿಟ ತಕಧಿಮಿ’ ಲೆಕ್ಕ ಎಲ್ಲಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂಡುತ್ತದೆ ಎಂದು ಕಾಯುವುದೇ ಒಂದು ಖುಷಿ.

ಇನ್ನೂ ಜೋರು, ಇನ್ನೂ ಜಾಸ್ತಿ ವಾದ್ಯ ಬೇಕೆಂದರೆ 2008ರ ‘ಕಿನ್ಸ್‌ಮೆನ್’ ಇದೆ. ಮಂಗಳೂರಿನ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಾಂತಪ್ಪ, ಇಬ್ಬರದ್ದೂ ಆಲ್ಟೋ ಸ್ಯಾಕ್ಸೋಫೋನ್. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಗಿಟಾರ್, ಡ್ರಮ್ಸ್ ಎಲ್ಲ ಇವೆ. ಇದನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಯಾವ ಸ್ಯಾಕ್ಸ್ ಯಾರದ್ದು ಎಂದು ಬೇಗ ಗುರುತಾಗುತ್ತದೆ.