ಅಲಸಂದೆ ಸಾಲಿಗೆ ಔಷಧಿ ಹೊಡೀಬೇಡಿ

ಅಣ್ಣ, ಸ್ಪ್ರೇಯರ್ ಕೆಳಗಿಡಿ. ಕೋಸಿನ ಸುತ್ತ ಹಾಕಿದ ಅಲಸಂದೆಗೆ ಹೇನು (ರಸ ಹೀರೋ ಸಸ್ಯಹೇನು) ಕಟ್ಟಿದೆ, ಕಪ್ಪು ಮುಳ್ಳಿನ ಹುಳು ಬೇರೆ ಬಂದಿದೆ, ಕೋಸಿಗೆ ಹರಡೋ ಮೊದಲೇ ಸಂಜೆ ಹೊಡೆದುಬಿಡ್ತೀನಿ ಅಂತ ಬರೆದಿದ್ದೀರಿ. ಫೋಟೋ ನೋಡಿ ಸಂಕಟ ಆಯ್ತು. ಇದೇ ತಪ್ಪು ನಾನೂ ಮಾಡಿದ್ದೇನೆ.

ಆ ಕಪ್ಪು ಹುಳು ಗುಲಗಂಜಿ ಹುಳುವಿನ ಮರಿ. ದೊಡ್ಡದಾಗಿ ಕೆಂಪಗೆ, ದುಂಡಗೆ ಆದ ಮೇಲೆ ಎಲ್ಲರೂ ಗುರುತು ಹಿಡಿಯುತ್ತಾರೆ. ಮರಿ ಮಾತ್ರ ಪುಟ್ಟ ಮೊಸಳೆ ಥರ ಇರುತ್ತದೆ: ಉದ್ದ ಮೈ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಮುಂದೆ ಆರು ಕಾಲು. ನಾನು ಅದನ್ನು ಎಲೆ ತಿನ್ನೋ ಹುಳು ಅಂದುಕೊಂಡು, ಎಲ್ಲ ಹುಳುವನ್ನೂ ಕೊಲ್ಲೋ ಸೈಪರ್‌ಮೆಥ್ರಿನ್ ಹೊಡೆದೆ. ಮರುದಿನ ಅಲಸಂದೆ ಸ್ವಚ್ಛ, ನನಗೆ ಖುಷಿ. ಎರಡು ವಾರ ಕಳೆಯುವುದರಲ್ಲಿ ಕೋಸಿನ ಎಲೆ ಮೇಲೆ ಬೂದಿ ಎರಚಿದ ಹಾಗೆ ಹೇನು. ತಿನ್ನೋಕೆ ಒಂದು ಗುಲಗಂಜಿ ಹುಳುವೂ ಉಳಿದಿರಲಿಲ್ಲ. ಮತ್ತೆ ಹೊಡೆದೆ, ಮತ್ತೆ ಬಂತು. ಗಡ್ಡೆ ಕಟ್ಟೋ ಹೊತ್ತಿಗೆ ಎಲೆಗಳೆಲ್ಲ ಮುದುಡಿ ಹೋಗಿದ್ದವು.

ನಿಮಗೂ ಭಯ ಇರೋದು ಹರಡುತ್ತೆ ಅಂತ ತಾನೇ? ಹತ್ತಿರ ಹೋಗಿ ನೋಡಿ. ಅಲಸಂದೆ ಹೇನು ಕಪ್ಪಗೆ ಹೊಳೆಯುತ್ತದೆ. ಕೋಸಿನ ಹೇನು ಬೂದು ಬಣ್ಣ, ಮೈಮೇಲೆ ಮೇಣದ ಪುಡಿ. ಎರಡೂ ಬೇರೆ ಬೇರೆ ಜಾತಿ. ಮೊದಲನೆಯದಕ್ಕೆ ಹೆಚ್ಚಾಗಿ ಅಲಸಂದೆ, ಅವರೆಯಂಥ ದ್ವಿದಳ ಧಾನ್ಯದ ಗಿಡ ಬೇಕು, ಅದು ಕೋಸಿನ ಮೇಲೆ ಸಂಸಾರ ಹೂಡುವುದಿಲ್ಲ. ಗುಲಗಂಜಿ ಹುಳುವಿಗೆ ಮಾತ್ರ ಎರಡೂ ಊಟವೇ. ಅಲಸಂದೆಯಲ್ಲಿ ತಿಂದು ಬೆಳೆದು, ಆಮೇಲೆ ಕೋಸಿಗೆ ಹಾರುತ್ತದೆ. ಅಲಸಂದೆ ಹಾಕೋದೇ ಅದಕ್ಕೆ. ಅಲ್ಲಿ ಹೇನೇ ಇಲ್ಲದಿದ್ದರೆ ಅದು ಯಾಕೆ ಬರಬೇಕು ಹೇಳಿ?

ಒಂದು ಮಾತ್ರ ನೋಡಿಕೊಳ್ಳಿ. ಅಲಸಂದೆ ಮೇಲೆ ಇರುವೆ ಸಾಲು ಹತ್ತಿದ್ದರೆ ಅವು ಹೇನು ಬಿಡೋ ಸಿಹಿ ಅಂಟಿಗಾಗಿ ಅದನ್ನು ಕಾವಲು ಕಾಯುತ್ತವೆ, ಗುಲಗಂಜಿ ಹುಳುವನ್ನು ಓಡಿಸುತ್ತವೆ. ಇರುವೆ ಗೂಡು ಹುಡುಕಿ ತೆಗೆಯಿರಿ.

ಹುಳುವನ್ನು ಸೆಳೆಯೋಕೆ ಕೋಸಿನ ನಡುವೆ ಹಾಕೋ ಸಾಸಿವೆ ವಿಷಯ ಪೂರ್ತಿ ಉಲ್ಟಾ. ಅದು ಕೋಸಿನ ನೆಂಟ, ಕೋಸಿನ ಹೇನು ಅದಕ್ಕೂ ಬರುತ್ತದೆ. ವಜ್ರಬೆನ್ನಿನ ಪತಂಗ (ಇದರ ಮರಿಹುಳುವೇ ಕೋಸಿನ ಎಲೆ ತಿನ್ನೋದು) ಮೊದಲು ಸಾಸಿವೆ ಮೇಲೆ ಮೊಟ್ಟೆ ಇಡಲಿ ಅಂತಲೇ ಅದನ್ನು ಹಾಕೋದು, ಹಾಗಾಗಿ ಅಲ್ಲಿ ಹುಳು ಕಂಡರೆ ಬಿಡಬಾರದು. ಬಿಟ್ಟರೆ ನೀವೇ ಹುಳು ಸಾಕಿದ ಹಾಗೆ. ಸಾಸಿವೆಯ ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು. ಒಂದೇ ಸಲ ಬಿತ್ತಿದರೆ ಅದು ಬೇಗ ಬಲಿತು ಒಣಗುತ್ತದೆ, ಪತಂಗ ಕೋಸಿಗೇ ಬರುತ್ತದೆ. ಪ್ರತಿ 25 ಸಾಲು ಕೋಸಿಗೆ ಸಾಸಿವೆ ಇರಲಿ. ಮೂಲೆಯಲ್ಲಿ ನಾಲ್ಕು ಗಿಡ ಹಾಕಿ ಕೆಲಸ ಮಾಡ್ಲಿಲ್ಲ ಅನ್ನಬೇಡಿ.

ಸಾಸಿವೆಗೆ ಏನು ಹೊಡೀಬೇಕು ಅಂದ್ರೆ, ಮರಿಹುಳುವಿಗೆ ಬಿಟಿ, ಅಂದ್ರೆ ಮರಿಹುಳುವನ್ನು ಕೊಲ್ಲೋ ಬ್ಯಾಕ್ಟೀರಿಯಾದ ಔಷಧಿ. ಗುಲಗಂಜಿ ಹುಳುವಿಗೆ ಅದರಿಂದ ತೊಂದರೆ ಇಲ್ಲ. ಡೈಪೆಲ್ ಕಂಪನಿ ಡಬ್ಬಿ ಒಳ್ಳೆಯದಾ ಡೆಲ್ಫಿನ್ ಒಳ್ಳೆಯದಾ ಅಂತ ಜಗಳ ಬೇಡ, ಒಳಗಿರೋದು ಒಂದೇ ಬ್ಯಾಕ್ಟೀರಿಯಾ. ತಯಾರಾದ ದಿನಾಂಕ ನೋಡಿ, ಸಂಜೆ ಹೊಡೆಯಿರಿ, ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ. ಮರಿ ಸಣ್ಣದಿರುವಾಗಲೇ ಕೊಡಬೇಕು. ಬೇವಿನ ಔಷಧಿಯಾದರೆ ಡಬ್ಬಿ ಮೇಲೆ ಅಜಾಡಿರಾಕ್ಟಿನ್ (ಬೇವಿನಲ್ಲಿ ಕೆಲಸ ಮಾಡೋ ಅಂಶ) ಎಷ್ಟು ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ, ಅಂತ ಓದಿ. 300 ಕ್ಕೂ 10,000 ಕ್ಕೂ ಒಂದೇ ಅಳತೆ ಹಾಕೋದು ಯಾವ ಲೆಕ್ಕ? ನಾನು ಒಮ್ಮೆ ಪಿಪಿಎಂ ಬರೆಯದ ಡಬ್ಬಿ ತಂದು, ಬರೀ ವಾಸನೆ ನಂಬಿ ಹೊಡೆದು ದುಡ್ಡು ಕಳೆದುಕೊಂಡೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೊತ್ತಂಬರಿ. ಕೊಯ್ಯದೆ ಹೂವಿಗೆ ಬಿಡಬೇಕು, ಜನ ಇದನ್ನೇ ಮಾಡೋದಿಲ್ಲ. ಹೇನಿನ ಶತ್ರುಗಳಾದ ಸಿರ್ಫಿಡ್ ನೊಣ, ಹೇನಿನ ಒಳಗೆ ಮೊಟ್ಟೆ ಇಡೋ ಸಣ್ಣ ಕಣಜ, ಇವುಗಳ ಬಾಯಿ ಚಿಕ್ಕದು. ಆಳವಾದ ಹೂವಿನ ಮಕರಂದ ಎಟುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆಯ ಹೂವು ತಟ್ಟೆಯಲ್ಲಿ ಬಡಿಸಿದ ಹಾಗೆ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಾ ಹೋದರೆ ಯಾವಾಗಲೂ ಒಂದಿಷ್ಟು ಹೂವು ಇರುತ್ತದೆ. ಸಿರ್ಫಿಡ್ ಮರಿಗೆ ಕಾಲಿಲ್ಲ, ಹಸಿರು ಗೊಣ್ಣೆ ಥರ ಕಾಣುತ್ತದೆ, ತಲೆ ಆಡಿಸುತ್ತಾ ಹೇನು ಹುಡುಕುತ್ತದೆ. ಅಸಹ್ಯ ಅಂತ ಒರೆಸಿ ಹಾಕಬೇಡಿ. ಒಂದೊಂದು ಮರಿ ನೂರಾರು ಹೇನು ತಿನ್ನುತ್ತದೆ.

ಹಾಗಂತ ಸುಮ್ನೆ ಕೈಗೆ ಸಿಕ್ಕಿದ್ದೆಲ್ಲ ಬೆರೆಸಬೇಡಿ. ಇದೇ ಚರ್ಚೆಯಲ್ಲಿ ಇನ್ನೊಬ್ಬರು ಟೊಮೆಟೊ, ಬದನೆ, ಮೆಣಸಿನಕಾಯಿ ಒಟ್ಟಿಗೆ ಹಾಕಿ ಮಿಶ್ರ ಬೆಳೆ ಅಂದಿದ್ದಾರೆ. ಮೂರೂ ಒಂದೇ ಕುಟುಂಬ, ಬಿಳಿನೊಣಕ್ಕೆ ಮೂರೂ ಬೇಕು. ನೋಡೋಕೆ ವೈವಿಧ್ಯ, ಬಿಳಿನೊಣಕ್ಕೆ ಒಂದೇ ಬಯಲು. ಒಂದೇ ಜಾತಿ ಗಿಡ ಒತ್ತೊತ್ತಾಗಿದ್ದರೆ ಅದನ್ನೇ ತಿನ್ನೋ ಹುಳು ಸುಲಭವಾಗಿ ಹುಡುಕಿ ಬಂದು ಅಲ್ಲೇ ಉಳಿಯುತ್ತದೆ ಅಂತ ರಿಚರ್ಡ್ ರೂಟ್ ಅನ್ನೋ ವಿಜ್ಞಾನಿ 1973 ರಲ್ಲೇ ಬರೆದರು. ಅವರು ನೋಡಿದ್ದೂ ಕೋಸಿನ ಜಾತಿಯ ಸೊಪ್ಪಿನಲ್ಲೇ. ಚೆಂಡುಹೂವೂ ಅಷ್ಟೆ. ಟೊಮೆಟೊ ಕಾಯಿಕೊರಕ ಹುಳುವನ್ನು ಸೆಳೆಯೋಕೆ ಒಳ್ಳೆಯದು, ಆದರೆ ಬಿಸಿಲು ಜಾಸ್ತಿ ಇದ್ದಾಗ ಅದರಲ್ಲೇ ಕೆಂಪು ನುಸಿ ಕೂರುತ್ತದೆ. ಎಲೆ ಅಡಿಗೆ ಜೇಡರ ಬಲೆಯಂಥ ಎಳೆ ಕಂಡರೆ ಕಿತ್ತು ಹಾಕಿ.

ಹಳದಿ ಅಂಟು ಹಾಳೆನೂ ಸಾಲುಗಟ್ಟಿ ಕಟ್ಟಬೇಡಿ, ಸಣ್ಣ ಕಣಜಗಳೂ ಅದಕ್ಕೆ ಅಂಟಿ ಸಾಯುತ್ತವೆ. ಹುಳು ಬಂತಾ ಅಂತ ತಿಳಿಯೋಕೆ ಒಂದೆರಡು ಸಾಕು.

ಈಗ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಕೋಸಿನ ಎಲೆ ತಿರುಗಿಸಿ ನೋಡಿ. ಹೇನಿನ ನಡುವೆ ಉಬ್ಬಿಕೊಂಡು ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು ಇದ್ದರೆ, ಒಳಗೆ ಕಣಜದ ಮರಿ ಇದೆ ಅಂತ ಅರ್ಥ. ಬೆನ್ನಲ್ಲಿ ದುಂಡಗಿನ ತೂತಿದ್ದರೆ ಕಣಜ ಆಗಲೇ ಹೊರಬಂದಿದೆ. ಅಂಥವು ಎಷ್ಟು ಸಿಕ್ಕವು ಅಂತ ಫೋಟೋ ಸಮೇತ ಹಾಕಿ. ಸ್ಪ್ರೇ ವಿಷಯ ಆಮೇಲೆ ಮಾತಾಡೋಣ.