ಪ್ರತಿ: ತರಬೇತಿ ಶುರುವಾದಾಗಿನಿಂದ ಮಗಳು ಸಂಜೆ ಪ್ರಾರ್ಥನೆಗೆ ಕೂರುತ್ತಿಲ್ಲ

ನೀವು ಮಿಷನರಿ ತರಬೇತಿಗೆ ಸೇರಿ ಜಾರ್ಖಂಡ್‌ಗೆ ಸೇವೆಗೆ ಹೊರಟಾಗಿನಿಂದ ಮಗಳು ಸಂಜೆ ಪ್ರಾರ್ಥನೆಗೆ ಕೂರುತ್ತಿಲ್ಲ ಅಂದಿರಿ. ಅವಳು ತಪ್ಪಿಸಿಕೊಳ್ಳುತ್ತಿರುವುದು ಊರು ಬಿಡುವ ಸುದ್ದಿಯಿಂದ ಅನ್ನಿಸುತ್ತದೆ. ಜಾರ್ಖಂಡ್ ಸೇವೆಯ ಮಾತೆಲ್ಲ ಕುಟುಂಬ ಪ್ರಾರ್ಥನೆಯಲ್ಲೇ ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಎಂಟು ವರ್ಷದ ಮಗು, ಸತ್ಯವೇದ (ಬೈಬಲ್) ತೆರೆದರೆ ಸಾಕು, ಗೆಳತಿಯರು, ಅಜ್ಜಿ ಮನೆ ಎಲ್ಲ ಕೈತಪ್ಪಿದ ಹಾಗಾಗುತ್ತದೆ. ನಮ್ಮ ಮನೆಯಲ್ಲೂ ಇದೇ ಕಥೆ.

ಮೊದಲು ಎರಡನ್ನೂ ಬೇರೆ ಮಾಡಿ. ಎರಡು ವಾರ ಪ್ರಾರ್ಥನೆಯಲ್ಲಿ ಮಿಷನ್ ವಿಷಯ ಎತ್ತಲೇಬೇಡಿ. ಒಂದು ಹಾಡು, 121ನೇ ಕೀರ್ತನೆಯಂಥ ಚಿಕ್ಕ ಭಾಗ, ಹತ್ತು ನಿಮಿಷಕ್ಕೆ ಆಮೆನ್. ಹೊರಡುವ ಮಾತು ಊಟದ ಹೊತ್ತಿಗಿರಲಿ, ಅದೂ ಅವಳು ಕೇಳಿದಷ್ಟೇ. "ದೇವರು ಕರೆದಿದ್ದಾನೆ" ಅಂತ ಬಾಯಿ ಮುಚ್ಚಿಸಬೇಡಿ. ಸತ್ಯವೇದದ ಅಬ್ರಹಾಮ ದೇವರ ಕರೆ ಕೇಳಿ ಖಾರಾನ್ ಊರು ಬಿಟ್ಟಾಗ ಅವನಿಗೆ 75 ವರ್ಷ, ಇವಳಿಗೆ ಎಂಟು!

ಆಮೇಲೆ ಶಾಲೆ. ಅಲ್ಲಿ ಹಿಂದಿ ಬೇಕೇ ಬೇಕು. ಈಗಿನಿಂದಲೇ ದಿನಕ್ಕೆ ಕಾಲು ಗಂಟೆ ನೀವೂ ಅವಳ ಪಕ್ಕ ಕೂತು ಅಕ್ಷರ ತಿದ್ದಿ. ನಿಮ್ಮ ತಪ್ಪು ನೋಡಿ ಅವಳು ನಗಲಿ. ಹಾಸ್ಟೆಲ್ಲೋ, ನಿಮ್ಮ ಜೊತೆಯೋ ಅನ್ನುವುದನ್ನು ಕಳಿಸುವ ಸಂಸ್ಥೆಯಿಂದ ಬರಹದಲ್ಲೇ ಕೇಳಿ ಪಡೆಯಿರಿ. ಹಿಂದೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನ ಮಿಷನರಿಗಳು ಇಲ್ಲಿಂದ ತಮ್ಮ ಮಕ್ಕಳನ್ನು ಓದಲು ಯೂರೋಪಿಗೆ ಕಳಿಸುತ್ತಿದ್ದರು. ವರ್ಷಗಟ್ಟಲೆ ತಂದೆತಾಯಿಯ ಮುಖ ಕಾಣದೆ ಬೆಳೆದವರಿದ್ದಾರೆ. ಅವರಿಗೆ ಬೇರೆ ದಾರಿ ಇರಲಿಲ್ಲವೇನೋ, ನಿಮಗಿದೆ.

ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ. ನಮ್ಮ ಮಗ ಸರಿಹೋಗಲು ಎರಡು ತಿಂಗಳು ಹಿಡಿಯಿತು. ನಿದ್ದೆ, ಊಟ ಕೆಟ್ಟರೆ ಮಾತ್ರ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ, ಹೊರಡುವ ದಿನವನ್ನು ಮುಂದೂಡಿ.