ಸರ್ಕ್ಯೂಟ್ ಡಯಾಗ್ರಾಂನಲ್ಲಿ ವಿಸಿಸಿ, ವಿಡಿಡಿ, +5ವಿ, ಗ್ರೌಂಡ್ ಎಲ್ಲಾ ಒಂದೇನಾ? ನಾನು ಯಾವುದನ್ನು ಹಾಕಲಿ?

ನಿಮ್ಮ ಡಯಾಗ್ರಾಂನಲ್ಲಿ ಒಂದು ಕಡೆ ವಿಸಿಸಿ, ಇನ್ನೊಂದು ಕಡೆ ವಿಡಿಡಿ, ಮತ್ತೊಂದು ಕಡೆ +5ವಿ ಇದೆ, ಗ್ರೌಂಡಿಗೂ ಬೇರೆ ಬೇರೆ ಗುರುತು ಇದೆ, ಎಲ್ಲಾ 5 ವೋಲ್ಟೇ ಅಲ್ವಾ ಅಂತ ಕೇಳಿದ್ದೀರಿ.

ವೋಲ್ಟೇಜ್ ಒಂದೇ ಇರಬಹುದು, ಆದರೆ ತಂತಿ ಒಂದೇ ಅಲ್ಲ. ಸರ್ಕ್ಯೂಟ್ ಬಿಡಿಸುವ ಕಿಕ್ಯಾಡ್‌ನಂಥ ಸಾಫ್ಟ್‌ವೇರ್‌ನಲ್ಲಿ ಪವರ್ ಗುರುತಿನ ಹೆಸರೇ ತಂತಿ. ಹತ್ತು ಕಡೆ ವಿಸಿಸಿ ಅಂತ ಹಾಕಿದರೆ, ಮಧ್ಯೆ ಒಂದು ಗೆರೆಯೂ ಇಲ್ಲದೆ ಹತ್ತೂ ಸೇರಿಕೊಳ್ಳುತ್ತವೆ. ಪಕ್ಕದಲ್ಲೇ +5ವಿ ಅಂತ ಹಾಕಿದ ಪಿನ್ ಮಾತ್ರ ಕರೆಂಟ್ ಇಲ್ಲದೆ ಕೂತಿರುತ್ತದೆ.

ಈ ಹೆಸರುಗಳು ಟ್ರಾನ್ಸಿಸ್ಟರ್‌ನಿಂದ ಬಂದವು. ವಿಸಿಸಿಯಲ್ಲಿ ಸಿ ಅಂದರೆ ಕಲೆಕ್ಟರ್, ವಿಇಇಯಲ್ಲಿ ಇ ಅಂದರೆ ಎಮಿಟರ್. ವಿಡಿಡಿ, ವಿಎಸ್‌ಎಸ್ ಅಂದರೆ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್ ಆದ ಫೆಟ್‌ನ ಡ್ರೇನ್ ಮತ್ತು ಸೋರ್ಸ್. ಒಂದೇ ಅಕ್ಷರ ಇದ್ದರೆ ಆ ಕಾಲಿನ ವೋಲ್ಟೇಜ್, ಎರಡು ಸಲ ಬರೆದರೆ ಆ ಕಡೆಗೆ ಕೊಡುವ ಸಪ್ಲೈ. ಈಗ ಈ ನಿಯಮ ಸಡಿಲ ಆಗಿದೆ. 74ಎಚ್‌ಸಿ ಐಸಿಗಳ ಒಳಗೆ ಇರುವುದು ಸಿಮೋಸ್, ಅಂದರೆ ಫೆಟ್‌ಗಳೇ, ಆದರೂ ಡೇಟಾಶೀಟ್‌ನಲ್ಲಿ ವಿಸಿಸಿ ಅಂತಲೇ ಇದೆ. ಹಾಗಾಗಿ ಅಕ್ಷರ ನೋಡಿ ಎಷ್ಟು ವೋಲ್ಟ್ ಅಂತ ಹೇಳಲು ಆಗುವುದಿಲ್ಲ. ನಾನು ಸಪ್ಲೈಗೆ ವೋಲ್ಟೇಜನ್ನೇ ಹೆಸರಾಗಿ ಇಡುತ್ತೇನೆ: +12ವಿ, +5ವಿ, +3ವಿ3. ಕೊನೆಯದರಲ್ಲಿ ಚುಕ್ಕೆ ಬದಲು ವಿ ಹಾಕುವುದು ಸುಮ್ನೆ ಅಲ್ಲ. ನಮ್ಮ ಕೊಡಗಿನ ಮಳೆಗಾಲದಲ್ಲಿ ಪ್ರಿಂಟ್ ತೆಗೆದ ಕಾಗದ ತೇವ ಹಿಡಿದು ಚುಕ್ಕೆ ಮಾಸಿದರೆ 3.3 ಹೋಗಿ 33 ಆಗುತ್ತದೆ.

ಇನ್ನು ಗ್ರೌಂಡ್. ಇಲ್ಲಿ ತಪ್ಪಿದರೆ ಹುಡುಕುವುದು ಬಹಳ ಕಷ್ಟ. ಮೂರು ಗೆರೆ ಕೆಳಗೆ ಹೋದ ಹಾಗೆ ಚಿಕ್ಕದಾಗುವ ಗುರುತು ನಿಜಕ್ಕೂ ಮಣ್ಣಿಗೆ ಹೋಗುವ ಅರ್ತ್‌ಗೆ. ತಲೆಕೆಳಗಾದ ತ್ರಿಕೋನ ಸರ್ಕ್ಯೂಟಿನ ಸೊನ್ನೆ ವೋಲ್ಟಿಗೆ. ಬಾಚಣಿಗೆ ಹಲ್ಲಿನ ಹಾಗೆ ಓರೆ ಗೆರೆ ಇರುವುದು ಲೋಹದ ಪೆಟ್ಟಿಗೆಗೆ. ಬಹಳ ಜನ ಎಲ್ಲದಕ್ಕೂ ಮೊದಲನೆಯದನ್ನೇ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ.

ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟಕ್ಕೆ ಆನೆ ಬಾರದ ಹಾಗೆ ಸೋಲಾರ್ ಬೇಲಿ ಇದೆ. ಬೇಲಿಯಲ್ಲಿ ಪಲ್ಸ್ ನಿಂತರೆ ಫೋನಿಗೆ ಮೆಸೇಜ್ ಬರಲಿ ಅಂತ ಒಂದು ಬೋರ್ಡ್ ಮಾಡಿದೆ. ಬೇಲಿ ಮಷಿನ್ನಿನ ಅರ್ತ್ ತಂತಿ ಈ ಬೋರ್ಡಿನ ಮೂಲಕ ಅರ್ತ್ ರಾಡಿಗೆ ಹೋಗುತ್ತಿತ್ತು, ಡಯಾಗ್ರಾಂನಲ್ಲಿ ಆ ಎರಡು ಟರ್ಮಿನಲ್‌ಗೂ ಮೈಕ್ರೋಕಂಟ್ರೋಲರಿಗೆ ಹಾಕಿದ ಗ್ರೌಂಡ್ ಗುರುತನ್ನೇ ಹಾಕಿಬಿಟ್ಟೆ. ಬೇಸಿಗೆಯಲ್ಲಿ ಬೋರ್ಡ್ ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪಲ್ಸ್ ಪಲ್ಸಿಗೂ ರೀಸೆಟ್ ಆಗಲು ಶುರುವಾಯಿತು. ಪೆಟ್ಟಿಗೆ ಒಳಗೆ ನೀರು ಇಳಿಯುತ್ತಿದೆ ಅಂದುಕೊಂಡು ಸಿಲಿಕೋನ್ ಹಾಕಿದೆ, ಮುಚ್ಚಳ ಬದಲಾಯಿಸಿದೆ, ಎರಡು ವಾರ ಹೀಗೇ ಕಳೆಯಿತು. ಕಾರಣ ನೀರಲ್ಲ. ಮಳೆಗೆ ಬೆಳೆದ ಒದ್ದೆ ಬಳ್ಳಿಗಳು ಬೇಲಿ ತಂತಿಗೆ ತಾಗಿ ಕರೆಂಟ್ ಮಣ್ಣಿಗೆ ಜಾಸ್ತಿ ಸೋರುತ್ತಿತ್ತು. ಆ ಕರೆಂಟ್ ರಾಡಿನಿಂದ ಮಷಿನ್ನಿಗೆ ವಾಪಸ್ ಹೋಗುವಾಗ ಮೈಕ್ರೋಕಂಟ್ರೋಲರಿನ ಗ್ರೌಂಡ್ ತಾಮ್ರದ ಮೇಲೇ ಹರಿಯುತ್ತಿತ್ತು. ಹೆಸರು ಒಂದೇ ಇದ್ದ ಕಾರಣ ಸಾಫ್ಟ್‌ವೇರ್ ಎರಡನ್ನೂ ಸೇರಿಸಿತ್ತು, ಅದರ ತಪ್ಪೇನೂ ಇಲ್ಲ.

ಹೊಸ ಬೋರ್ಡಿನಲ್ಲಿ ರಾಡಿನ ಕಡೆಗೆ ‘ಬೇಲಿ ಅರ್ತ್’ ಅಂತ ಬೇರೆ ಹೆಸರು, ಬೇರೆ ಗುರುತು ಇಟ್ಟೆ. ಪಲ್ಸ್ ಗೊತ್ತಾಗಲು ಮಧ್ಯೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಒಂದು ಆಪ್ಟೋಕಪ್ಲರ್ ಹಾಕಿದೆ. ಈಗ ಎರಡು ಕಡೆಗೂ ತಾಮ್ರದ ಸಂಬಂಧವೇ ಇಲ್ಲ. ಅದಾದ ಮೇಲೆ ಎರಡು ಮಳೆಗಾಲ ಕಳೆದಿದೆ, ಒಮ್ಮೆಯೂ ರೀಸೆಟ್ ಆಗಿಲ್ಲ.

ನೀವು ಈಗ ಮಾಡಬೇಕಾದ್ದು ಇಷ್ಟೇ. ವಿಸಿಸಿ, ವಿಡಿಡಿ, +5ವಿ ಮೂರೂ ವೋಲ್ಟೇಜನ್ನು ಸ್ಥಿರವಾಗಿಡುವ ಒಂದೇ ರೆಗ್ಯುಲೇಟರಿನಿಂದ ಬರುತ್ತಿದ್ದರೆ ಮೂರಕ್ಕೂ +5ವಿ ಅಂತಲೇ ಹಾಕಿ. ಐಸಿ ಒಳಗೆ ಪಿನ್ನಿನ ಹೆಸರು ವಿಡಿಡಿ ಇದ್ದರೆ ಇರಲಿ, ಅದು ಪಿನ್ನಿನ ಹೆಸರು, ತಂತಿಯದ್ದಲ್ಲ. ಅನಲಾಗ್ ಸಿಗ್ನಲ್ಲನ್ನು ಅಂಕಿಯಾಗಿ ಬದಲಾಯಿಸುವ ಎಡಿಸಿ ಪಕ್ಕ ಅನಲಾಗ್ ಗ್ರೌಂಡ್ ಬೇರೆ ಇಟ್ಟಿದ್ದರೆ ಅದು ಡಿಜಿಟಲ್ ಗ್ರೌಂಡಿಗೆ ಎಲ್ಲಿ ಸೇರುತ್ತದೆ ಅನ್ನುವುದನ್ನು ಡಯಾಗ್ರಾಂನಲ್ಲೇ ತೋರಿಸಿ. ಪಾಸಿಟಿವ್ ಗುರುತು ಮೇಲಕ್ಕೆ, ಗ್ರೌಂಡ್ ಕೆಳಕ್ಕೆ ಮುಖ ಮಾಡಿರಲಿ. ಆಮೇಲೆ ಒಂದೊಂದು ಸಪ್ಲೈಯನ್ನೂ ಹೈಲೈಟ್ ಮಾಡಿ, ಯಾವ ಯಾವ ಪಿನ್ ಬಣ್ಣ ಬದಲಾಗುತ್ತದೆ ಅಂತ ಡೇಟಾಶೀಟ್ ಪಕ್ಕದಲ್ಲಿಟ್ಟು ನೋಡಿ. ಅದು ಮುಗಿಯುವವರೆಗೆ ಬೋರ್ಡ್ ಆರ್ಡರ್ ಮಾಡಬೇಡಿ.